ಸದ್ದಿನ ಪದಬಂಧ ಮತ್ತು ನನ್ನ ಬಲಗಿವಿ

ಈಗ ನನ್ನ ಬಲಗಿವಿಗೆ ಕೇಳುವ ಮಿಷನ್ ಹಾಕಿಕೊಳ್ಳುತ್ತೇನೆ. ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಮುಕ್ಕಾಲು ಪಾಲು ಸಿಗುತ್ತದೆ. ಮಿಕ್ಕಿದ್ದನ್ನು ಅವರ ತುಟಿ ನೋಡಿ ಹೊಂದಿಸಿಕೊಳ್ಳುತ್ತೇನೆ. ಮಿಕ್ಸಿ ತಿರುಗುವಾಗ, ಮದುವೆ ಮನೆಯಲ್ಲಿ ವಾಲಗ ಊದುವಾಗ ಏನೂ ಸಿಗುವುದಿಲ್ಲ. ಆಗ ನಗುನಗುತ್ತಾ ತಲೆ ಆಡಿಸಿಬಿಡುತ್ತೇನೆ. ಹೀಗೆ ತಲೆ ಆಡಿಸಿಯೇ ಆರ್‌ಪಿಸಿ ಲೇಔಟಿನ ಒಬ್ಬರ ಮನೆ ನಾಮಕರಣಕ್ಕೆ ಚಕ್ಕುಲಿ ಮಾಡಿಕೊಡಲು ಒಪ್ಪಿಕೊಂಡಿದ್ದೆ ಎನ್ನುವುದು, ಅವರು ಖಾಲಿ ಡಬ್ಬ ತಂದಿಟ್ಟಾಗ ಗೊತ್ತಾಯಿತು. ಮಾಡಿಕೊಟ್ಟೆ.

ಇದನ್ನು ಬರೆಯುತ್ತಿರುವುದು ಕಿವಿ ಡಾಕ್ಟರ ಹತ್ತಿರ ಬೆಂಚಿನ ಮೇಲೆ, ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಾ, ಕೂಗಿದರೂ ಗೊತ್ತಾಗದೆ ಕೂತಿರುವವರಿಗಾಗಿ. ನಾನೂ ಅಲ್ಲಿ ಕೂತಿದ್ದವಳೇ. ಎದ್ದು ಬಂದೆ ಎನ್ನುವುದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದಲು ನಿಮಗೆ ಸ್ವಲ್ಪ ಧೈರ್ಯ ಬರುತ್ತದೆ.

ನನ್ನ ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹಾಳಾಗಿತ್ತು. ಅದಕ್ಕಾಗಿ ನನಗೇನೂ ದುಃಖವಿರಲಿಲ್ಲ. ಮಾತಾಡುವವರನ್ನು ಬಲಗಡೆ ಕೂರಿಸಿಕೊಂಡರೆ ಮುಗಿಯಿತು. ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದ ಹೊಸದರಲ್ಲೇ ನಮ್ಮತ್ತೆ ಅದನ್ನು ಕಂಡುಹಿಡಿದು, ಯಾರಿಗೂ ಏನೂ ಹೇಳದೆ ಊಟಕ್ಕೆ ನನ್ನ ಬಲಕ್ಕೆ ಬಂದು ಕೂತರು. ಆಮೇಲೆ ಅದೇ ಅವರ ಜಾಗವಾಯಿತು. "ಒಂದು ಕಿವೀಲಿ ಕೇಳಿ ಇನ್ನೊಂದ್ರಲ್ಲಿ ಬಿಡೋ ಸೊಸೆ ಅಲ್ಲ ನಮ್ಮೋಳು. ಬಿಡೋಕೆ ಅವಳಿಗೆ ಇನ್ನೊಂದು ತೂತೇ ಇಲ್ಲ," ಎಂದು ನೆಂಟರೆದುರು ಹೇಳಿ ನಗುತ್ತಿದ್ದರು. ಬೇರೆ ಯಾರಾದರೂ ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಅತ್ತೆಗೆ ಕಣ್ಣಿನ ಪ್ರೆಶರ್ ಬಂದು ಈಗ ಕೆಲವು ವರ್ಷಗಳಿಂದ ಅಕ್ಷರ ಕಾಣುವುದಿಲ್ಲ. ಬೆಳಕು ಗೊತ್ತಾಗುತ್ತದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಮೊದಲೆಲ್ಲ ಪೇಪರಿನ ಪದಬಂಧ ಅವರ ಸ್ವಂತ ಆಸ್ತಿ. ಅವರ ಪೆನ್ಸಿಲನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕಣ್ಣು ಮಂದವಾದ ಮೇಲೆ ಪೆನ್ಸಿಲ್ ನನ್ನ ಕೈಗೆ ಬಂತು. ಭಾನುವಾರ ತಿಂಡಿಯಾದ ಮೇಲೆ ನಾನು ಸುಳಿವು ಓದಿ ಎಷ್ಟು ಅಕ್ಷರ ಎಂದು ಹೇಳುವುದು, ಅವರು ಬೆರಳಿನ ಗೆಣ್ಣು ಎಣಿಸಿಕೊಂಡು ಉತ್ತರ ಹೇಳುವುದು, ನಾನು ಬರೆಯುವುದು. ಮಾಗಡಿ ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಆದರೂ ನಾನು ಕೇಳಿಯೇ ಇರದ ಮಾತುಗಳು ಅವರ ಬಾಯಲ್ಲಿ ಕೂತಿದ್ದವು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ನಮ್ಮಿಬ್ಬರಿಗೂ ಒಂದೇ ಕಾಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತೇನೆ, ಸೀರೆಗೆ ಫಾಲ್ಸ್ ಹಾಕಿಕೊಡುತ್ತೇನೆ. ಒಂದು ದಿನ ಹೊಲಿಗೆಗೆ ಕೂತಾಗ ಬಲಗಿವಿ ಗುಂಯ್ ಎನ್ನತೊಡಗಿತು. ನೀರು ಹೊಕ್ಕ ಹಾಗೆ ಕಟ್ಟಿಕೊಂಡಿತು. ಶೀತ ಇರಬೇಕು ಎಂದುಕೊಂಡೆ. ನಮ್ಮ ಕಡೆ ಕಿವಿಗೆ ಏನಾದರೂ ಆದರೆ ಮೊದಲು ಎಣ್ಣೆ, ಆಮೇಲೆ ಡಾಕ್ಟರು. ಅತ್ತೆ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಆರಿಸಿ, ತಮ್ಮ ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ಬಿಸಿ ನೋಡಿದರು. ನನ್ನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕಿವಿಗೆ ಬಿಟ್ಟರು. ಕಣ್ಣು ಕಾಣದವರು, ಆದರೂ ಎಣ್ಣೆ ಆಚೆ ಚೆಲ್ಲಲಿಲ್ಲ. ನಮ್ಮಮ್ಮ ಹೋದ ಮೇಲೆ ನನ್ನ ತಲೆಯನ್ನು ಹಾಗೆ ಯಾರೂ ಹಿಡಿದುಕೊಂಡಿರಲಿಲ್ಲ. ಬಹಳ ಹಿತವಾಯಿತು. ಮಾರನೆಯ ದಿನ "ಇನ್ನೊಂದ್ಸಲ ಬಿಡಿ ಅತ್ತೆ" ಎಂದು ನಾನೇ ಹೋಗಿ ಮಲಗಿದೆ. ಹಾಗೇ ವಾರ ಕಳೆಯಿತು.

ಆಮೇಲೊಂದು ಬೆಳಿಗ್ಗೆ ಒಂದು ಇಡೀ ತೋಳು ಹೊಲಿದು ಎತ್ತಿ ನೋಡಿದರೆ ಬಟ್ಟೆಯಲ್ಲಿ ದಾರವೇ ಇಲ್ಲ, ಬರೀ ಸೂಜಿಯ ತೂತು. ದಾರ ಯಾವಾಗಲೋ ತುಂಡಾಗಿತ್ತು. ದಾರ ತುಂಡಾದರೆ ಹೊಲಿಗೆ ಮಿಷನ್ನಿನ ಸದ್ದು ಬೇರೆಯಾಗುತ್ತದೆ. ಹೊಲಿಯುವವರು ನೋಡುವುದಕ್ಕಿಂತ ಮೊದಲು ಅದನ್ನು ಕೇಳುತ್ತಾರೆ. ನನಗೆ ಕೇಳಿರಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ಮಗಳು ಮೇಘನಾ ಬಾಯಿ ಆಡಿಸುತ್ತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. "ಜೋರಾಗಿ ಹೇಳೇ," ಎಂದೆ. ಅವಳ ಮುಖ ನೋಡಿದ ಮೇಲೆ, ಅವಳು ಆಗಲೇ ಜೋರಾಗಿಯೇ ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು.

ರಾಜಾಜಿನಗರದ ಕಡೆ ಒಬ್ಬರು ಡಾಕ್ಟರಮ್ಮನ ಹತ್ತಿರ ಹೋದೆವು. ಮೇಘನಾ ನನ್ನನ್ನು ಒಳಗೆ ಕೂರಿಸಿ ಗಾಡಿ ನಿಲ್ಲಿಸಿ ಬರಲು ಹೋದಳು. ಅಲ್ಲಿ ಹೆಸರು ಕೂಗಿ ಕರೆಯುತ್ತಾರೆ. ಕಿವಿ ಕೇಳದವರೇ ಬರುವ ಜಾಗದಲ್ಲಿ ಹೆಸರು ಕೂಗುವ ಪದ್ಧತಿ ಇಟ್ಟವರು ಯಾರೋ ಗೊತ್ತಿಲ್ಲ, ಅವರಿಗೊಂದು ನಮಸ್ಕಾರ. ಕೌಂಟರಿನ ಹುಡುಗಿ ಬಾಯಿ ತೆರೆದಾಗಲೆಲ್ಲ ನಾನು ಅರ್ಧ ಏಳುವುದು, ಬೇರೆ ಯಾರೋ ಎದ್ದುಹೋದರೆ ಕೂರುವುದು. ನೋಡಿ ನೋಡಿ, ಪಕ್ಕದಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಹೆಂಗಸು ನನ್ನ ಚೀಟಿಯನ್ನು ತಿರುಗಿಸಿ ಹೆಸರು ಓದಿಕೊಂಡಳು. ನನ್ನ ಮಂಡಿ ಮೇಲೆ ಕೈ ಇಟ್ಟು, ನಾನು ಹೇಳ್ತೀನಿ ಕೂತ್ಕೊಳ್ಳಿ ಎನ್ನುವ ಹಾಗೆ ತಟ್ಟಿದಳು. ಅವಳ ಸರದಿ ನನಗಿಂತ ಮೊದಲು ಬಂತು. ಏಳುವ ಮೊದಲು ತನ್ನ ಆಚೆ ಕೂತಿದ್ದ ಮುದುಕರಿಗೆ ನನ್ನ ಚೀಟಿ ತೋರಿಸಿ, ನನ್ನನ್ನು ಅವರಿಗೆ ಒಪ್ಪಿಸಿ ಹೋದಳು. ಅವರು ಬಂದು ನನ್ನ ಪಕ್ಕ ಕೂತರು. ನನ್ನ ಹೆಸರು ಕೂಗಿದಾಗ ನನಗಿಂತ ಮೊದಲು ಅವರೇ ಎದ್ದು ನಿಂತರು. ಆ ಇಬ್ಬರನ್ನೂ ನಾನು ಆಮೇಲೆ ನೋಡಲಿಲ್ಲ.

ಕಿವಿ ಪರೀಕ್ಷೆಗೆ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಒತ್ತಿ ಎಂದು ಕೈಗೊಂದು ಬಟನ್ ಕೊಡುತ್ತಾರೆ. ನಾನು ಕೇಳದಿದ್ದರೂ ಒತ್ತಿದೆ. ಪಾಸಾಗಬೇಕು ಎನ್ನುವ ಆಸೆ ಅಷ್ಟಿತ್ತು. ಗಾಜಿನಾಚೆಯ ಹುಡುಗಿ ಒಂದು ಸಲ ಏನೂ ಹಾಕದೆ ಸುಮ್ಮನೆ ಕೂತಳು, ನಾನು ಆಗಲೂ ಒತ್ತಿದೆ. ಅವಳು ಬೈಯಲಿಲ್ಲ. ಒಳಗೆ ಬಂದು ನನ್ನ ಕೈಯಿಂದ ಬಟನ್ ತೆಗೆದುಕೊಂಡು, ನೀರು ಕುಡಿಸಿ, ಮೊದಲಿಂದ ಶುರು ಮಾಡಿದಳು.

ಡಾಕ್ಟರಮ್ಮ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು. ಕಿವಿಯ ನರಕ್ಕೆ ಪೆಟ್ಟಾಗಿದೆ, ಹೀಗೆ ದಿಢೀರನೆ ಆಗುವುದುಂಟು, ಎಲ್ಲರಲ್ಲೂ ಕಾರಣ ಸಿಗುವುದಿಲ್ಲ. "ವಾಪಸ್ ಬರುತ್ತಾ ಡಾಕ್ಟ್ರೇ?" ಎಂದೆ. "ನೋಡೋಣ" ಎಂದು ಬರೆದರು. ಹಬ್ಬದ ಹಿಂದಿನ ದಿನ ಬ್ಲೌಸ್ ಪೀಸ್ ತರುವ ಗಿರಾಕಿಗಳಿಗೆ ನಾನೂ ನೋಡೋಣ ಎಂದೇ ಹೇಳುವುದು. ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತು.

ಮೇಘನಾ ಎಣ್ಣೆಯ ವಿಷಯ ಕೇಳಿದಳಂತೆ. ಎಣ್ಣೆಯಿಂದ ಹೀಗಾಗಿಲ್ಲ, ಆದರೆ ಕಿವಿಗೆ ಏನೂ ಬಿಡಬಾರದಿತ್ತು, ಮೊದಲ ದಿನಗಳಲ್ಲೇ ಬಂದಿದ್ದರೆ ಔಷಧಿ ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು ಎಂದರಂತೆ. ಓದುತ್ತಿರುವ ನಿಮಗೆ ನಾನು ಹೇಳುವುದೂ ಅಷ್ಟೇ. ಕಿವಿ ಇದ್ದಕ್ಕಿದ್ದ ಹಾಗೆ ಕಟ್ಟಿಕೊಂಡರೆ ಶೀತ ಎಂದು ಕೂರಬೇಡಿ, ಅವತ್ತೇ ಹೋಗಿ ತೋರಿಸಿ.

ಮನೆಗೆ ಬಂದ ಮೇಲೆ ನಡೆದದ್ದು ನನ್ನ ಕಣ್ಣೆದುರೇ ನಡೆಯಿತು, ಸದ್ದು ಆಫ್ ಮಾಡಿದ ಟೀವಿಯ ಹಾಗೆ. ಅತ್ತೆ ಏನೋ ಕೇಳಿದರು. ಮೇಘನಾ ಚಪ್ಪಲಿ ಬಿಡುತ್ತಾ ಏನೋ ಅಂದಳು. ಅತ್ತೆ ಮತ್ತೆ ಕೇಳಿದರು. ಅವಳು ಮುಖ ಗಂಟಿಕ್ಕಿಕೊಂಡು ಇನ್ನೊಂದು ಮಾತು ಅಂದಳು. ಅತ್ತೆ ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ನಾನು ಸೋಫಾದಲ್ಲಿ ಕೂತು ನೋಡಿದೆ. ನನ್ನ ಸಂಕಟದಲ್ಲಿ ಮುಳುಗಿದ್ದವಳು, ಏನಾಯಿತು ಎಂದು ಕೇಳಲಿಲ್ಲ.

ಮಾತ್ರೆ ಶುರುವಾಯಿತು. ಅದು ಹಸಿವನ್ನು ಎಬ್ಬಿಸುತ್ತದೆ, ಮುಖ ಊದಿಸುತ್ತದೆ, ನಿದ್ದೆ ಕೊಡುವುದಿಲ್ಲ. ಆಮೇಲೆ ಕಿವಿಯ ಒಳಗೇ ಇಂಜೆಕ್ಷನ್. ಕೇಳಲು ಭಯವಾಗುತ್ತದೆ, ಆದರೆ ನಿಜವಾದ ಕಷ್ಟ ಆಮೇಲಿನದು, ಉಗುಳು ನುಂಗದೆ ಒಂದೇ ಮಗ್ಗುಲಲ್ಲಿ ಮಲಗಿರಬೇಕು. ನರ್ಸಮ್ಮ ನನ್ನ ಎದುರು ಗೋಡೆ ಗಡಿಯಾರದ ಮುಳ್ಳು ತೋರಿಸಿ, ಅಲ್ಲಿಗೆ ಬರುವ ತನಕ ಎಂದು ಬೆರಳಲ್ಲಿ ಹೇಳಿ, ಹೋಗಿ ಬಂದು ನನ್ನ ಕಾಲಿಗೆ ಹೊದಿಕೆ ಸರಿ ಮಾಡುತ್ತಿದ್ದರು.

ನಮ್ಮ ಯಜಮಾನರಿಗೆ ಕಾಮಾಕ್ಷಿಪಾಳ್ಯದಲ್ಲಿ ಒಂದು ಶೆಡ್ ಇದೆ. ಪವರ್ ಪ್ರೆಸ್ ಹಾಕಿಕೊಂಡು ತಗಡಿನ ಸಣ್ಣ ಸಣ್ಣ ಪಾರ್ಟ್ಸ್ ಹೊಡೆಯುತ್ತಾರೆ. ಪ್ರೆಸ್ ಬೀಳುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಬೆಳಗಿನಿಂದ ಸಂಜೆ ತನಕ ಎಲ್ಲ ಕೈಸನ್ನೆಯಲ್ಲೇ. ಟೀ ಬಂತು, ನಿಲ್ಲಿಸು, ಅಳತೆ ತಪ್ಪಿದೆ, ಸ್ಪೀಡ್ ಇಳಿಸು, ಎಲ್ಲಕ್ಕೂ ಒಂದೊಂದು ಕೈ. ಮನೆಯಲ್ಲಿ ಮೊದಲೇ ಮಾತು ಕಡಿಮೆಯ ಮನುಷ್ಯ. ನನಗೆ ಕಿವಿ ಹೋದ ಮೇಲೆ ಆ ಕೈಗಳನ್ನು ಮನೆಗೆ ತಂದರು. ಸತ್ಯ ಹೇಳಬೇಕೆಂದರೆ, ಮದುವೆಯಾದಾಗಿನಿಂದ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದೇ ಇಲ್ಲ. ಸಾರು ಚೆನ್ನಾಗಿದೆ ಎಂದು ಅವರು ಮೊದಲ ಸಲ ಹೇಳಿದ್ದು ಕೈಯಲ್ಲಿ.

ಅತ್ತೆಯ ಜೊತೆ ಮಾತ್ರ ಆ ದಾರಿ ಇರಲಿಲ್ಲ. ನಾನು ಸನ್ನೆ ಮಾಡಿದರೆ, ಬರೆದರೆ ಅವರಿಗೆ ಕಾಣುವುದಿಲ್ಲ. ಅವರು ಮಾತಾಡಿದರೆ ನನಗೆ ಕೇಳುವುದಿಲ್ಲ. ಮೇಘನಾ ಮಾತನ್ನು ಅಕ್ಷರ ಮಾಡುವ ಆ್ಯಪ್ ಹಾಕಿಕೊಟ್ಟಳು. ಅತ್ತೆ ಫೋನ್ ಮುಂದೆ ಕೂತು ತುಟಿ ಬಿಗಿ ಹಿಡಿದರು. "ಅದರ ಹತ್ರ ನಾನ್ಯಾಕೆ ಮಾತಾಡ್ಲಿ," ಎಂದರಂತೆ. ಊಟಕ್ಕೂ ಹೊರಗೆ ಬರುವುದು ಬಿಟ್ಟರು. ತಟ್ಟೆ ಅವರ ಕೋಣೆಗೆ ಹೋಗುತ್ತಿತ್ತು, ಅರ್ಧ ಹಾಗೇ ವಾಪಸ್ ಬರುತ್ತಿತ್ತು. ಭಾನುವಾರದ ಪೇಪರು ಮಡಿಕೆ ಬಿಚ್ಚದೆ ಟೀಪಾಯಿ ಮೇಲೆ ಬಿದ್ದಿರುತ್ತಿತ್ತು.

ನಾನು ಏನೆಂದುಕೊಂಡೆ ಗೊತ್ತೇ? ಕಿವಿ ಇರುವ ತನಕ ಸೊಸೆ, ಈಗ ಬೇಡವಾದಳು ಎಂದುಕೊಂಡೆ. ಕಿವಿ ಹೋದವರ ತಲೆಯಲ್ಲಿ ಇಂಥ ಯೋಚನೆಗಳಿಗೆ ಬಹಳ ಜಾಗ ಇರುತ್ತದೆ. ಹೊರಗಿನಿಂದ ಏನೂ ಬರದಿದ್ದರೆ ಒಳಗಿನದೇ ವಟವಟ ಎನ್ನುತ್ತಿರುತ್ತದೆ. ಅವರ ತಟ್ಟೆಯನ್ನು ಒಳಗಿಟ್ಟು ಮುಖ ತಿರುಗಿಸಿಕೊಂಡು ಬರುತ್ತಿದ್ದೆ. ಅವರಿಗೆ ಮುಖ ಕಾಣುವುದಿಲ್ಲ ಎನ್ನುವುದು ಕೂಡ ಆಗ ನೆನಪಾಗುತ್ತಿರಲಿಲ್ಲ.

ಒಂದು ಶನಿವಾರ ಅವರ ಕೋಣೆ ಗುಡಿಸಲು ಹೋದರೆ ಮಂಚದ ಮೇಲೆ ಬ್ಯಾಗು. ಸೀರೆಗಳು, ವಿಭೂತಿ ಗಟ್ಟಿ, ಕಣ್ಣಿನ ಡ್ರಾಪ್ಸು, ಎಲ್ಲ ಒಳಗೆ ಸೇರಿದ್ದವು. ನಂದಿನಿ ಲೇಔಟಿನಲ್ಲಿ ನನ್ನ ನಾದಿನಿ ಪದ್ಮನ ಮನೆ. ಅಲ್ಲಿಗೆ ಹೊರಟಿದ್ದರು. ಯಜಮಾನರನ್ನು ಕೇಳಿದರೆ, ಎರಡು ದಿನ ಇದ್ದು ಬರ್ತಾರೆ ಎಂದು ಕೈ ಮಾಡಿ, ನನ್ನ ಕಣ್ಣು ತಪ್ಪಿಸಿದರು. ಎರಡು ದಿನಕ್ಕೆ ಯಾರೂ ಸ್ವೆಟರ್ ತೆಗೆದುಕೊಂಡು ಹೋಗುವುದಿಲ್ಲ. ಮೇಘನಾಳನ್ನು ಅಡುಗೆ ಮನೆಗೆ ಎಳೆದುಕೊಂಡು ಹೋಗಿ ನಿಲ್ಲಿಸಿದೆ. ಅವಳು ಅಳುತ್ತಾ ಫೋನಿನಲ್ಲಿ ಟೈಪ್ ಮಾಡಿದಳು. ಆಸ್ಪತ್ರೆಯಿಂದ ಬಂದ ದಿನ ಅಜ್ಜಿ, ಡಾಕ್ಟರು ಏನಂದರು ಎಂದು ಕೇಳಿದರಂತೆ. ಸುಸ್ತಾಗಿದ್ದವಳು, "ಎಣ್ಣೆ ಬಿಟ್ಕೊಂಡು ವಾರ ಕೂತಿದ್ದಕ್ಕೇ ಹಿಂಗಾಗಿದ್ದು" ಎಂದುಬಿಟ್ಟಳಂತೆ. ಆಮೇಲೆ ಎಷ್ಟು ಸಲ ಸಮಾಧಾನ ಹೇಳಿದರೂ ಅಜ್ಜಿ ಕೇಳಲಿಲ್ಲವಂತೆ. "ಸೊಸೆ ಕಿವಿ ಕಿತ್ಕೊಂಡೋಳು ನಾನು. ಅವಳು ಬಡ್ಸಿದ್ದನ್ನ ಯಾವ ಬಾಯಲ್ಲಿ ತಿನ್ಲಿ? ಪದ್ಮಂಗೆ ಭಾನುವಾರ ಮಧ್ಯಾಹ್ನ ಬಂದು ಕರ್ಕೊಂಡ್ಹೋಗು ಅಂದಿದೀನಿ. ಇನ್ನು ಅಲ್ಲೇ ಇದ್ಬಿಡ್ತೀನಿ," ಎಂದಿದ್ದರಂತೆ. ಎಲ್ಲರಿಗೂ ಗೊತ್ತಿತ್ತು. ನನಗೆ ಮಾತ್ರ ಕೇಳಿಸಿರಲಿಲ್ಲ.

ಕೈ ಒರೆಸಿಕೊಳ್ಳದೆ ಓಡಿದೆ. ಅತ್ತೆ ಮಂಚದ ತುದಿಯಲ್ಲಿ ಕೂತಿದ್ದರು. "ನೀವು ಹೋಗ್ಬೇಡಿ ಅತ್ತೆ, ನಿಮ್ಮದೇನೂ ತಪ್ಪಿಲ್ಲ," ಎಂದು ಮೆತ್ತಗೆ ಹೇಳಿದೆ. ಮೆತ್ತಗೆ ಎಂದು ನಾನು ಅಂದುಕೊಂಡದ್ದು. ಕಿವಿ ಹೋದರೆ ತನ್ನ ದನಿ ಎಷ್ಟು ಎತ್ತರದಲ್ಲಿದೆ ಎಂದು ಗೊತ್ತಾಗುವುದಿಲ್ಲ. ಅತ್ತೆ ಬೆಚ್ಚಿಬಿದ್ದು ಗೋಡೆಗೆ ಸರಿದರು. ನನಗೆ ಅರ್ಥವಾಗಲಿಲ್ಲ. ಇನ್ನೂ ಹತ್ತಿರ ಹೋಗಿ ಇನ್ನೂ ಹೇಳಿದೆ. ಅವರು ಎರಡೂ ಕೈ ಜೋಡಿಸಿಬಿಟ್ಟರು. ಮುಖ ಕಾಣದ ಅವರಿಗೆ ನನ್ನ ಅರಚಾಟ ಮಾತ್ರ ಮುಟ್ಟಿತ್ತು. ಪಕ್ಕದ ಮನೆ ಆಂಟಿ ಕಾಂಪೌಂಡ್ ಹತ್ತಿರ ಬಂದು ಇಣುಕುತ್ತಿದ್ದರು.

ಹಿಂದಿನಿಂದ ಯಜಮಾನರು ನನ್ನ ತೋಳು ಹಿಡಿದು ಎಳೆದರು. ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಿದರು. ಸ್ಪೀಡ್ ಇಳಿಸು. ನಾನು ಬಿಕ್ಕುತ್ತಾ ಹಾಲಿಗೆ ಬಂದೆ. ಅವರು ನನ್ನ ಬಲಗೈ ತೆಗೆದು ನನ್ನದೇ ಗಂಟಲ ಮೇಲಿಟ್ಟು, ಮಾತಾಡು ಎಂದು ಸನ್ನೆ ಮಾಡಿದರು. ಮಾತಾಡಿದೆ, ಬೆರಳಡಿ ಗಂಟಲು ಗಡಗಡ ನಡುಗಿತು. ಅವರು ಅಂಗೈ ಇಳಿಸಿದರು. ಇನ್ನೂ ಕಡಿಮೆ ಮಾಡಿದೆ, ನಡುಕ ಕಡಿಮೆಯಾಯಿತು. ಇನ್ನೂ. ಬೆರಳಿಗೆ ಹೊಲಿಗೆ ಮಿಷನ್ ನಿಧಾನ ಓಡುವಷ್ಟೇ ನಡುಕ ತಿಳಿದಾಗ, ಹ್ಞೂಂ ಎಂದು ತಲೆ ಆಡಿಸಿದರು. ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು: "ಶೆಡ್ಡಲ್ಲಿ ಮೋಟ್ರು ಸರಿಯಾಗಿ ಓಡ್ತಿದೆಯಾ ಅಂತ ನಾವು ಕೈ ಇಟ್ಟೇ ನೋಡೋದು. ಕಿವೀಲಿ ಅಲ್ಲ." ಆ ಸಂಜೆಯೆಲ್ಲ ನಾನು ಗಂಟಲು ಹಿಡಿದುಕೊಂಡು ಗೋಡೆಯ ಜೊತೆ ಮಾತಾಡಿದೆ.

ಭಾನುವಾರ ಬೆಳಿಗ್ಗೆ ಪೇಪರು ಬಿಚ್ಚಿದೆ. ಆ ವಾರದ ಪದಬಂಧದ ತಲೆಬರಹ ಸದ್ದಿನ ಸಂತೆ. ಎಡದಿಂದ ಬಲಕ್ಕೆ ಬರುವ ಉತ್ತರಗಳೆಲ್ಲ ಸದ್ದಿನ ಮಾತುಗಳು ಎಂದು ಸೂಚನೆ. ಇರುವ ವಾರಗಳಲ್ಲಿ ಪೇಪರಿನವರಿಗೆ ಇವತ್ತೇ ಬೇಕಿತ್ತೇ ಎಂದು ಸಿಟ್ಟು ಬಂತು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಆದರೂ ಪೆನ್ಸಿಲ್ ತೆಗೆದುಕೊಂಡು ಹೋಗಿ ಅತ್ತೆಯ ಮಂಚದ ಮೇಲೆ ಕೂತೆ. ಬೇರೆ ಯಾವ ನೆಪ ಹಿಡಿದು ಅವರ ಪಕ್ಕ ಕೂರಲಿ ಎಂದು ನನಗೆ ಗೊತ್ತಿರಲಿಲ್ಲ. ಅವರು ಗೋಡೆಯ ಕಡೆ ಮುಖ ಮಾಡಿದ್ದರು. ಒಂದು ಕೈ ಗಂಟಲ ಮೇಲಿಟ್ಟುಕೊಂಡು ಓದಿದೆ. "ಒಗ್ಗರಣೆಗೆ ಬಿದ್ದ ಸಾಸಿವೆ. ನಾಲ್ಕಕ್ಷರ."

ಚಟಪಟ ಎಂದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವಳ ಹಾಗೆ ಕಾದೆ. ಅತ್ತೆ ಅಲುಗಲಿಲ್ಲ. ಮತ್ತೆ ಓದಿದೆ. ಬಾಗಿಲಲ್ಲಿ ಮೇಘನಾ ಬಂದು ನಿಂತಳು. ಮೂರನೇ ಸಲ ಓದಿ, "ಪಟಪಟ ಅಂತ ಬರೀಲಾ ಅತ್ತೆ?" ಎಂದೆ. ತಪ್ಪು ಉತ್ತರವನ್ನು ನಮ್ಮತ್ತೆ ಯಾವತ್ತೂ ಸಹಿಸಿದವರಲ್ಲ. ಸರಕ್ಕನೆ ತಿರುಗಿದರು. ಬಾಯಿ ಆಡಿತು. ನನಗೆ ಕೇಳುವುದಿಲ್ಲ ಎನ್ನುವುದು ಅವರಿಗೆ ಅರ್ಧದಲ್ಲಿ ನೆನಪಾಯಿತು, ನಿಲ್ಲಿಸಿದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದು, ಮುಂಗೈ ಮೇಲೆ ಉಗುರಿನಿಂದ ಅಲ್ಲೊಂದು ಇಲ್ಲೊಂದು ಸಿಡಿಸಿದರು. ಸಾಸಿವೆ ಸಿಡಿದ ಹಾಗೇ. "ಚಟಪಟ" ಎಂದೆ. ನನ್ನ ಬೆನ್ನ ಮೇಲೆ ಒಂದು ತಟ್ಟಿದರು. ಸರಿಯಾದ ಉತ್ತರಕ್ಕೆ ಅದು.

ಮುಂದಿನದು ಮಲ್ಲಿಗೆ ದಂಡೆ ಮುಡಿದಾಗ. ಅವರು ನನ್ನ ಮೂಗು ಹಿಂಡಿದರು. ಗಮಗಮ. ಹೊಟ್ಟೆ ಹಸಿದಾಗ ಎಂದು ಓದಿದರೆ ನನ್ನ ಹೊಟ್ಟೆಯನ್ನೇ ಬೆರಳಿನಿಂದ ತಿವಿದರು, ಆ ಮಾತ್ರೆಯಿಂದ ನಾನು ಎಷ್ಟು ತಿನ್ನುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು. ಚುರುಚುರು ಎಂದು ಬರೆಯುತ್ತಾ ನನಗೇ ನಗು ಬಂತು. ವಾಸನೆಗೆ, ಹಸಿವಿಗೆ, ಹೊಳಪಿಗೆ ಎಲ್ಲಕ್ಕೂ ನಮ್ಮ ಜನ ಸದ್ದು ಕೊಟ್ಟಿಟ್ಟಿದ್ದಾರೆ. ಸದ್ದಿನ ಸಂತೆಯ ಅರ್ಧಕ್ಕರ್ಧ ಮಾತಿಗೆ ಕಿವಿಯೇ ಬೇಕಾಗಿರಲಿಲ್ಲ.

ನಿಜವಾಗಿ ಸಿಕ್ಕಿಹಾಕಿಕೊಂಡಿದ್ದು ಗುಟ್ಟು ಹೇಳುವಾಗ ಎನ್ನುವ ಸುಳಿವಿಗೆ. ಗುಸುಗುಸುವೂ ಆಗುತ್ತದೆ, ಪಿಸುಪಿಸುವೂ ಆಗುತ್ತದೆ, ಎರಡೂ ನಾಲ್ಕೇ ಅಕ್ಷರ. ಅತ್ತೆ ಯೋಚನೆ ಮಾಡಿ ಒಂದನ್ನು ಹೇಳಿದರು. ಯಾವುದು ಎಂದು ನನಗೆ ತಿಳಿಯಲಿಲ್ಲ. ನನ್ನ ಎರಡು ಬೆರಳು ತೆಗೆದು ತಮ್ಮ ತುಟಿಗಳ ಮೇಲಿಟ್ಟುಕೊಂಡು ಇನ್ನೊಂದು ಸಲ ಹೇಳಿದರು. ತುಟಿ ಮುಂದಕ್ಕೆ ಗುಂಡಗಾಯಿತು, ಒಂದಕ್ಕೊಂದು ತಾಗಲಿಲ್ಲ. ಪಿ ಎಂದಿದ್ದರೆ ತಾಗಬೇಕಿತ್ತು. "ಗುಸುಗುಸು," ಎಂದೆ. ಅವರ ತುಟಿ ನನ್ನ ಬೆರಳಡಿಯಲ್ಲೇ ಅಗಲವಾಯಿತು. ಎಷ್ಟೋ ವಾರಗಳ ಮೇಲೆ ಅವರು ಆಡಿದ ಒಂದು ಮಾತು ನನಗೆ ತಲುಪಿತ್ತು. ಇಬ್ಬರೂ ಅದನ್ನೇ ಮತ್ತೆ ಮತ್ತೆ ಹೇಳಿ ನೋಡಿದೆವು, ಹುಚ್ಚರ ಹಾಗೆ.

ಎಡದಿಂದ ಬಲದ ಕೊನೆಯ ಸುಳಿವು ಓದಿದೆ. "ಅಂಜಿದವರ ಎದೆ. ನಾಲ್ಕಕ್ಷರ."

ಅತ್ತೆಯ ನಗು ನಿಂತಿತು. ನನ್ನ ಅಂಗೈಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಹಳೆಯ ನೂಲಿನ ಸೀರೆಯ ಕೆಳಗೆ ಎದೆ ನಿಜವಾಗಿಯೂ ಢವಢವ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಕೈಯಿಂದ ನನ್ನ ಬಲಗಿವಿಯನ್ನು ಮುಟ್ಟಿದರು. ಬಾಯಿ ಆಡತೊಡಗಿತು, ಬಹಳ ಹೊತ್ತು. ಅವರು ಏನಂದರೆಂದು ಆಮೇಲೆ ಮೇಘನಾ ಬರೆದು ತೋರಿಸಿದಳು: "ಮೊದಲು ನಿನ್ನನ್ನ ಡಾಕ್ಟರ ಹತ್ರ ಕಳಿಸ್ಬೇಕಿತ್ತು ಕಣಮ್ಮ. ಕುರುಡಿ ನಾನು, ನನ್ನ ಜೊತೆಗಿದ್ದ ಒಂದು ದನೀನೂ ಹಾಳು ಮಾಡ್ಕೊಂಡೆ. ನೀನು ಬೈದ್ರೆ ಬೈಸ್ಕೋತೀನಿ, ನೀನು ಸುಮ್ನಿರೋದು ನಂಗೆ ತಡಿಯೋಕಾಗ್ತಿಲ್ಲ." ನನಗೆ ಒಂದಕ್ಷರವೂ ಕೇಳಲಿಲ್ಲ. ಕೈ ಅವರ ಎದೆಯ ಮೇಲಿತ್ತು, ಅಷ್ಟೇ ಸಾಕಾಯಿತು.

ಗಂಟಲ ಮೇಲೆ ಕೈ ಇಟ್ಟುಕೊಂಡು, ನಡುಕ ಎಷ್ಟು ಸಣ್ಣದಾಗುತ್ತದೋ ಅಷ್ಟು ಸಣ್ಣ ಮಾಡಿಕೊಂಡು ಹೇಳಿದೆ. "ಎಣ್ಣೆಯಿಂದ ಹೋಗಿಲ್ಲ ಅಂತ ಡಾಕ್ಟ್ರೇ ಹೇಳಿದಾರೆ ಅತ್ತೆ. ತಡ ಆಗಿದ್ದು ನಿಜ. ಆ ತಡ ನಮ್ಮೆಲ್ಲರದೂ. ನೀವು ಎಣ್ಣೆ ಬಿಟ್ಟಾಗ ನಂಗೆ ಎಷ್ಟು ಹಿತವಾಗಿತ್ತು ಗೊತ್ತಾ? ಎರಡನೇ ಸಲ ನಾನೇ ಕೇಳ್ಕೊಂಡು ಬಂದಿದ್ದಲ್ವಾ? ಕಿವಿ ಬಂದ್ರೂ ಬರ್ದಿದ್ರೂ ಇದು ನಿಮ್ಮನೆ. ನೀವಿಲ್ದೆ ನಂಗೆ ಆಗಲ್ಲ." ಕೊನೆಯ ಮಾತಿಗೆ ಅಂಗೈ ಕೆಳಗಿನ ಲೆಕ್ಕ ತಪ್ಪಿತು, ದನಿ ಏರಿರಬೇಕು. ಈ ಸಲ ಅತ್ತೆ ಹಿಂದೆ ಸರಿಯಲಿಲ್ಲ. ನನ್ನ ತಲೆಯನ್ನು ಎಳೆದು ಹೆಗಲಿಗೆ ಒರಗಿಸಿಕೊಂಡರು. ಮೇಘನಾ ಬಂದು ನಮ್ಮ ಕಾಲ ಹತ್ತಿರ ಕೂತು ಅತ್ತಳು.

ಆದರೆ ಹೋಗುವುದಿಲ್ಲ ಎಂದು ಅವರು ಹೇಳಲಿಲ್ಲ. ಬ್ಯಾಗು ಅಲ್ಲೇ ಇತ್ತು. ಕೊಟ್ಟ ಮಾತು, ಇಟ್ಟ ಹೆಜ್ಜೆ ಬದಲಾಯಿಸುವ ಜಾಯಮಾನ ಅವರದಲ್ಲ, ಅದು ನನಗೆ ಗೊತ್ತು. ಕೇಳಲು ಧೈರ್ಯ ಬರಲಿಲ್ಲ. ಅಡುಗೆ ಮಾಡಿದೆ. ಅತ್ತೆ ಎಲ್ಲರ ಜೊತೆ ಕೂತು ತಟ್ಟೆ ಖಾಲಿ ಮಾಡಿದರು. ಅದು ಸಮಾಧಾನವೋ, ಹೊರಡುವ ಮೊದಲಿನ ಊಟವೋ ತಿಳಿಯದೆ ನನಗೆ ಒಂದು ತುತ್ತೂ ಇಳಿಯಲಿಲ್ಲ. ಮಾತ್ರೆ ತಿನ್ನತೊಡಗಿದ ಮೇಲೆ ನಾನು ಊಟ ಬಿಟ್ಟಿದ್ದು ಅದೊಂದೇ ಸಲ.

ಮಧ್ಯಾಹ್ನ ಪದ್ಮನ ಕಾರು ಗೇಟಿಗೆ ಬಂತು. ಅವಳು ಒಳಗೆ ಬಂದು ನನ್ನ ಕೆನ್ನೆ ಸವರಿ, ಸೀದಾ ಕೋಣೆಗೆ ಹೋಗಿ ಬ್ಯಾಗು ಎತ್ತಿಕೊಂಡು ಬಂದು ಅಮ್ಮನ ಕೈ ಹಿಡಿದಳು. ಅತ್ತೆ ಸೋಫಾದಲ್ಲಿ ಕೂತೇ ಏನೋ ಹೇಳಿದರು. ಪದ್ಮ ಮತ್ತೆ ಕೇಳಿದಳು. ಅತ್ತೆ ಟೀಪಾಯಿ ಮೇಲೆ ಕೈಯಾಡಿಸಿ ಪೇಪರು ಹುಡುಕಿ ತೆಗೆದು ಅವಳಿಗೆ ತೋರಿಸಿ, ಇನ್ನೂ ಏನೇನೋ ಹೇಳಿದರು. ಪದ್ಮ ಅಣ್ಣನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬ್ಯಾಗು ಕೆಳಗಿಟ್ಟಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ.

"ಏನಂದ್ರು?" ಎಂದೆ.

ಅವಳು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಪೇಪರಿನ ಅಂಚಿನಲ್ಲಿ ಅಮ್ಮ ಹೇಳಿದ್ದನ್ನು ಹಾಗ್ಹಾಗೇ ಬರೆದಳು.

"ಎಡದಿಂದ ಬಲಕ್ಕೆ ಮಾತ್ರ ಮುಗ್ದಿದೆ ಕಣೇ. ಮೇಲಿಂದ ಕೆಳಕ್ಕೆ ಎಲ್ಲಾ ಹಂಗೇ ಇದೆ. ನಂಗೆ ಕಣ್ಣಿಲ್ಲ, ಅವಳಿಗೆ ಕಿವಿ ಇಲ್ಲ, ನಿಧಾನ ಆಗುತ್ತೆ. ನೀನು ಹೊರಡು."